ಸ್ಟೀಲಿಗೆ ಪುಟ್ಟಿ ಹತ್ತಲ್ಲರಿ

ವಿದ್ಯಾನಗರದಾಗ ಸ್ಟೀಲ್ ಬಾಡಿಯ ತಿಂಡಿ ಗಾಡಿಗೆ ಗೀರು ಬಿದ್ದರೆ ಸಲಹೆ ಪುಕ್ಕಟೆ: ‘ಗ್ರೈಂಡರ್ ಹೊಡಸ್ರಿ, ಹೊಸಾದಾಗತೈತಿ.’ ಆಗಲ್ಲರಿ! ಬ್ರಶ್ ಫಿನಿಶ್ ಸ್ಟೀಲಿಗೆ ಒಂದೇ ದಿಕ್ಕಿನ ಗೆರೆಗಳಿರುತ್ತವೆ. ಅವುಗಳ ಗುಂಟ ಸ್ಕಾಚ್‌ಬ್ರೈಟ್ ಎಳೆದರೆ ಸಣ್ಣ ಗೀರು ಮರೆಯಾಗುತ್ತದೆ. ದುಂಡಗೆ ಉಜ್ಜಿದರೆ ಸುಳಿ ಬಿಸಿಲಿಗೆ ಎದ್ದು ಕಾಣುತ್ತೆ. ಕಬ್ಬಿಣದ ಬ್ರಶ್ ಅಂತೂ ಬ್ಯಾಡವೇ ಬ್ಯಾಡ, ಅದರ ಪುಡಿ ಅಂಟಿ ತುಕ್ಕು ಹಿಡಿಯುತ್ತೆ.

ನನ್ನ ಅಸಲಿ ತಕರಾರು ಡೆಂಟಿನದು. ಸ್ಟೇನ್‌ಲೆಸ್ ಬಡಿದಷ್ಟೂ ಗಟ್ಟಿಯಾಗುವ ಜಾತಿ. ಬಣ್ಣದ ಕಾರಿಗೆ ಪುಟ್ಟಿ ತುಂಬಿ ಮುಚ್ಚಬಹುದು. 1981ರ ಡಿಲೋರಿಯನ್ ಇರಲಿ, ಇಂದಿನ ಸೈಬರ್‌ಟ್ರಕ್ ಇರಲಿ, ಬರೀ ಮೈಗೆ ಆ ಸೌಲಭ್ಯವಿಲ್ಲ. ಹಿಂದಿನಿಂದ ಹದವಾಗಿ ಒತ್ತಿ ತೆಗೆಯುವ ಪಳಗಿದ ಕೈಯೇ ಬೇಕು. ಆದರೆ ತಮ್ಮ ಕೋಡಿಂಗಿಗೆ ಗಂಟೆ ಲೆಕ್ಕದಾಗ ಬಿಲ್ ಹಾಕೋ ಮಂದಿ ಆ ಕೈ ಮುಂದೆ ನಿಂತು ಕೇಳ್ತಾರ: ‘ಬರೇ ಬಡಿಯೋದಕ್ಕ ಇಷ್ಟ್ಯಾಕ್ರಿ?’