ಮನೆಗೆ ಬಂದ ಕಚೇರಿ, ಬಾರದ ಕುರ್ಚಿ

ಉಪ್ಪಿನಂಗಡಿಯಿಂದ ಕಡಬಕ್ಕೆ ಹೋಗುವ ದಾರಿಯ ಆತೂರು, ಕೊಯಿಲದ ಕಡೆ ಮನೆಯಲ್ಲೇ ಕೂತು ಕಂಪೆನಿಗೆ ದುಡಿಯುವುದು 2020ರ ಲಾಕ್‌ಡೌನ್ ತಂದ ಹೊಸ ಸಂಗತಿಯೇನಲ್ಲ. ಇಲ್ಲಿನ ಹೆಂಗಸರು ತಲೆಮಾರುಗಳಿಂದ ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಬೀಡಿ ಕಟ್ಟಿದ್ದಾರೆ. ಬೆಂಗಳೂರಿನ ಕೆಲಸ ಹೊತ್ತು ಊರಿಗೆ ಬಂದ ಮಗ ಚಾವಡಿಯಲ್ಲಿ ಲ್ಯಾಪ್‌ಟಾಪ್ ಬಿಡಿಸಿದಾಗ ತಾಯಿ, ಮಗ ಇಬ್ಬರೂ ಕುತ್ತಿಗೆ ಬಗ್ಗಿಸಿದ್ದು ಒಂದೇ ರೀತಿ. ಮಗನಿಗೆ ಮಾತ್ರ ವರ್ಷಕ್ಕೊಮ್ಮೆ ಎರ್ಗನಾಮಿಕ್ಸ್ ತರಬೇತಿ ಬರುತ್ತದೆ: ಒಂದು ವಿಡಿಯೊ, ಕೊನೆಗೆ ನಾಲ್ಕಾರು ಪ್ರಶ್ನೆ, ಪ್ರಮಾಣಪತ್ರ.

ವಿಡಿಯೊದಲ್ಲಿ ಹೇಳುವುದು ಸುಳ್ಳಲ್ಲ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿರಲಿ, ಮೊಣಕೈ ಲಂಬಕೋನದಲ್ಲಿರಲಿ, ಪಾದ ನೆಲಕ್ಕೆ ಊರಲಿ, ಆಗಾಗ ಎದ್ದು ಓಡಾಡಿ. ಆದರೆ ಲ್ಯಾಪ್‌ಟಾಪಿನಲ್ಲಿ ಪರದೆಗೂ ಕೀಲಿಮಣೆಗೂ ಬಿಡಿಸಲಾಗದ ನಂಟು. ಪರದೆ ಕಣ್ಣಿನ ಮಟ್ಟಕ್ಕೆ ಬಂದರೆ ಕೈ ಎದೆಯೆತ್ತರಕ್ಕೆ ಏರುತ್ತದೆ. ಕೈ ಸರಿಯಾದರೆ ತಲೆ ಬಾಗುತ್ತದೆ. ಎರಡೂ ಸರಿಯಾಗಬೇಕಾದರೆ ಪ್ರತ್ಯೇಕ ಕೀಲಿಮಣೆ, ಮೌಸ್ ಬೇಕು. ಊಟದ ಮೇಜು ಸುಮಾರು ಎರಡೂವರೆ ಅಡಿ ಎತ್ತರ. ಅದರ ಮುಂದೆ ಎತ್ತರ ಬದಲಿಸಲಾಗದ ಪ್ಲಾಸ್ಟಿಕ್ ಕುರ್ಚಿ. ಗಿಡ್ಡ ಆಳಾದರೆ ಭುಜ ಎತ್ತಿಕೊಂಡೇ ದಿನವಿಡೀ ಟೈಪ್ ಮಾಡಬೇಕು. ಇಲ್ಲಿ ತಿಳಿವಳಿಕೆಗೆ ಕೊರತೆಯಿಲ್ಲ, ಸಾಮಾನಿಗೆ ಕೊರತೆ. ಸಂಜೆ ಏಳಕ್ಕೆ ಮೀಟಿಂಗ್ ಇಡುವ ಮ್ಯಾನೇಜರೇ 'ಎದ್ದು ಓಡಾಡಿ' ಎಂಬ ಇಮೇಲ್ ಕಳಿಸುವುದೂ ಉಂಟು.

ಬರೀ ಬೋಧನೆಯ ಮಿತಿಗೆ ಪುರಾವೆಯೂ ಇದೆ. ಭಾರ ಎತ್ತುವ ಕಾರ್ಮಿಕರ ಬೆನ್ನುನೋವಿನ ಬಗ್ಗೆ ನಡೆದ ಅಧ್ಯಯನಗಳನ್ನು ಕೊಕ್ರೇನ್ ಸಂಸ್ಥೆ 2011ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ, ಎತ್ತುವ ಕ್ರಮದ ಸಲಹೆ, ತರಬೇತಿಗಳಿಂದ ನೋವು ತಪ್ಪಿದ್ದು ಕಾಣಲಿಲ್ಲ. ನಮ್ಮ ತೋಟಗಳನ್ನೇ ನೋಡಿ. ಅಡಿಕೆ ಮರ ಏರುವವನಿಗೆ 'ಜಾಗ್ರತೆ ಮಾರಾಯ' ಎಂದು ಎಷ್ಟು ವರ್ಷ ಹೇಳಿದರೂ ಬೀಳುವುದು ನಿಲ್ಲಲಿಲ್ಲ. ಹಗುರವಾದ ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನೆಲದಲ್ಲೇ ನಿಂತು ಗೊನೆ ಕೊಯ್ಯಬಹುದು, ಬೋರ್ಡೋ ದ್ರಾವಣ ಸಿಂಪಡಿಸಬಹುದು. ಮೇಲೆ ನೋಡಿ ನೋಡಿ ಕುತ್ತಿಗೆ ಹಿಡಿಯುತ್ತದೆ, ಆ ಮಾತು ಬೇರೆ. ದೋಟಿ ಹಿಡಿಯಲೂ ತರಬೇತಿ ಬೇಕು ನಿಜ. ಆದರೆ ಅಲ್ಲಿ ಮೊದಲು ಕೈಗೆ ದೋಟಿ ಬಂತು.

'ನೌಕರನ ಮನೆಯೊಳಗಿನ ಕುರ್ಚಿಗೆ ನಾವು ಹೇಗೆ ಹೊಣೆ?' ಎಂದು ಕಂಪೆನಿಗಳು ಕೇಳಬಹುದು. ಈ ಪ್ರಶ್ನೆಯನ್ನು ಬೀಡಿ ಮಾಲೀಕರು ಹಿಂದೆಯೇ ಕೇಳಿದ್ದಾರೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ, ಎಲೆ ಹೊಗೆಸೊಪ್ಪು ಒಯ್ದು ಮನೆಯಲ್ಲಿ ಕಟ್ಟುವವರನ್ನೂ ನೌಕರರೆಂದೇ ಕರೆಯಿತು. ಅವರಿಗೆ ಭವಿಷ್ಯ ನಿಧಿ ಸಲ್ಲುತ್ತದೆಯೇ ಎಂಬ ವ್ಯಾಜ್ಯದಲ್ಲಿ 1985ರಲ್ಲಿ ಸುಪ್ರೀಂ ಕೋರ್ಟ್ ಸಲ್ಲುತ್ತದೆ ಎಂದಿತು. ಸರಿಯಿಲ್ಲದ ಬೀಡಿಯನ್ನು ತಿರಸ್ಕರಿಸುವ ಅಧಿಕಾರ ಮಾಲೀಕನಿಗಿರುವುದೇ ಹಿಡಿತದ ಗುರುತು ಎಂಬುದು ಅಲ್ಲಿನ ತರ್ಕ. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಅದನ್ನು ಆರಿಸಿ ಹಾಕುವ ಹಿಡಿತಕ್ಕೆ ಹೋಲಿಸಿದರೆ ಇಂದಿನ ಲಾಗಿನ್, ಪರದೆ ನಿಗಾ, ತಾಸುತಾಸಿನ ಲೆಕ್ಕ ಎಷ್ಟೋ ಬಿಗಿ. ಹಿಡಿತ ಚಾವಡಿಯವರೆಗೆ ಬರಬಹುದಾದರೆ ಹೊಣೆ ಗೇಟಿನಾಚೆ ನಿಲ್ಲುವುದು ಯಾವ ನ್ಯಾಯ? ಬೀಡಿಯ ತಾಯಂದಿರಿಗೆ ಸಿಕ್ಕ ಆ ನ್ಯಾಯವೂ ಅರ್ಧವೇ. ಅವರ ಸೊಂಟದ ನೋವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. 1948ರ ಕಾರ್ಖಾನೆ ಕಾಯ್ದೆಯ ವೃತ್ತಿರೋಗಗಳ ಪಟ್ಟಿಯಲ್ಲಿ ಸೀಸದ ವಿಷ, ಸಿಲಿಕೋಸಿಸ್‌ಗೆ ಜಾಗವಿತ್ತು, ಕೂತು ಬರುವ ಬೆನ್ನುನೋವಿಗೆ ಇರಲಿಲ್ಲ.

ಮನೆಯ ಕುರ್ಚಿಗೆ ಕಂಪೆನಿ ಹೊಣೆ ಹೊರುವುದು ಆಗದ ಕೆಲಸವೂ ಅಲ್ಲ. ಬ್ರಿಟನ್ 1992ರಲ್ಲೇ ಪರದೆಯ ಮುಂದೆ ದುಡಿಯುವವರಿಗಾಗಿ ನಿಯಮ ತಂದಿತು. ಕೂರುವ ಜಾಗದ ಪರಿಶೀಲನೆ, ತರಬೇತಿ, ಕೇಳಿದರೆ ಕಣ್ಣಿನ ತಪಾಸಣೆ ಮಾಲೀಕನ ಕರ್ತವ್ಯ. ಮನೆಯಿಂದ ದುಡಿಯುವವರಿಗೂ ಅದು ಅನ್ವಯ. ಪರಿಶೀಲಿಸಲು ಬೆಂಗಳೂರಿನಿಂದ ಕೊಯಿಲಕ್ಕೆ ಯಾರೂ ಬರಬೇಕಿಲ್ಲ, ಕೂತ ಭಂಗಿಯ ಫೋಟೊ ಸಾಕು. ಅಷ್ಟಕ್ಕೂ ಮೊದಲು ತರಬೇತಿ ಬೇಕಾದದ್ದು ಕೆಲಸದ ಹೊತ್ತು ಗೊತ್ತುಮಾಡುವ ಮ್ಯಾನೇಜರಿಗೆ.

ಮುಂದಿನ ಸಲ ವಿಡಿಯೊ ಮುಗಿದು 'ಅರ್ಥವಾಯಿತು' ಎಂಬ ಗುಂಡಿ ಬಂದಾಗ ಒತ್ತಿ, ತಪ್ಪಿಲ್ಲ. ಜೊತೆಗೆ ಕೀಲಿಮಣೆ, ಕುರ್ಚಿಯ ಖರ್ಚು ಯಾರ ಲೆಕ್ಕಕ್ಕೆಂದು ಬರವಣಿಗೆಯಲ್ಲೇ ಕೇಳಿ.