ದೊಡ್ಡ ತಳಿಯ ನಾಯಿಮರಿ: ಕೊಳ್ಳುವ ಮುನ್ನ

ಮೂಲ ತಿಳಿಯದ ಬೀಜವನ್ನು ನೀವು ಬಿತ್ತುವುದಿಲ್ಲ. ಹಲ್ಲು ನೋಡದೆ ಎತ್ತು ಕೊಳ್ಳುವುದಿಲ್ಲ. ನಾಯಿಮರಿಯನ್ನು ಮಾತ್ರ ಚಂದ ಕಂಡಿತೆಂದು ತರುವುದು ಸರಿಯಲ್ಲ.

ತಂಬೂರದಂತಹ ಊರಿನ ಮನೆಗೆ ದೊಡ್ಡ ತಳಿಯೇ ಬೇಕೆಂದರೆ, ಶೀತದೇಶದ ದಟ್ಟಗೂದಲಿನ ಸೇಂಟ್ ಬರ್ನಾರ್ಡ್‌ಗಿಂತ ನಮ್ಮ ಬಿಸಿಲಿಗೆ ಒಗ್ಗಿದ ಮುಧೋಳ ನಾಯಿ ಮೇಲು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ತಳಿಯಿದು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಇದಕ್ಕೆಂದೇ ಶ್ವಾನ ಸಂಶೋಧನಾ ಕೇಂದ್ರವಿದೆ; ಮರಿಗಾಗಿ ಅಲ್ಲಿ ವಿಚಾರಿಸಿರಿ.

ಮರಿಗೆ ಎಂಟು ವಾರ ತುಂಬಿರಲಿ. ತಾಯಿಯನ್ನು ಕಣ್ಣಾರೆ ನೋಡಿರಿ. ಬೆದರಿ ಕಚ್ಚುವ ತಾಯಿಯ ಮರಿ ಬೇಡ. ಜಂತುನಾಶಕ, ಲಸಿಕೆಗಳನ್ನು ಪಶುವೈದ್ಯರ ಸಲಹೆಯಂತೆ ಕೊಡಿಸಿರಿ. ಮೂರು ತಿಂಗಳಿಗೆ ರೇಬೀಸ್ ಲಸಿಕೆ ತಪ್ಪಕೂಡದು. ತಪ್ಪಿದರೆ ಅಪಾಯ ಮನೆಯ ಮಕ್ಕಳಿಗೇ. ಬರೀ ರೊಟ್ಟಿ-ಮಜ್ಜಿಗೆ ಸಾಲದು. ಮೊಟ್ಟೆ ಅಥವಾ ಮಾಂಸವೂ ಬೇಕು. ಮುಧೋಳ ನಾಯಿ ತೆಳ್ಳಗಿರುವುದು ಸಹಜ, ಕೊಬ್ಬಿಸಬೇಡಿರಿ. ವರ್ಷ ತುಂಬುವವರೆಗೆ ಬೈಕಿನ ಹಿಂದೆ ಓಡಿಸಬೇಡಿರಿ, ಎಲುಬು ಬಲಿತಿರುವುದಿಲ್ಲ.

ಇದು ಓಟದ ತಳಿ. ದಿನವಿಡೀ ಸರಪಳಿಯಲ್ಲಿಟ್ಟರೆ ಸಿಡುಕಾಗುತ್ತದೆ. ಕಾಡಂಚಿನಲ್ಲಿ ಬಿಟ್ಟರೆ ಮೊಲದ ಬೆನ್ನು ಹತ್ತುತ್ತದೆ; ಮೊಲದ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ.

ಹತ್ತು-ಹನ್ನೆರಡು ವರ್ಷ ಸಾಕುವ ಮನಸ್ಸಿದ್ದರೆ ಮಾತ್ರ ತನ್ನಿರಿ. ಇಲ್ಲವಾದರೆ ಓಣಿಯ ಮರಿಯೊಂದಕ್ಕೆ ಲಸಿಕೆ ಹಾಕಿಸಿ ಸಾಕಿರಿ. ಅದೂ ಮನೆ ಕಾಯುತ್ತದೆ.