ಹಣೆಯ ನೆರಿಗೆ



ಪ, ಫ, ಬ, ಭ, ಮ ಎಂಬ ಐದು ವರ್ಣಗಳಿಗೆ ವ್ಯಾಕರಣದಲ್ಲಿ ಓಷ್ಠ್ಯಗಳೆಂದು ಹೆಸರು. ತುಟಿಗಳೆರಡೂ ಕೂಡಿದ ಹೊರತು ಅವು ಹುಟ್ಟವು. ಮಠದ ಪಾಠಶಾಲೆಯಲ್ಲಿ ಬಾಲಕರಾಗಿದ್ದಾಗ ಕಂಠಪಾಠ ಮಾಡಿದ ಈ ಸಂಗತಿಯು ನಮ್ಮ 64ನೆಯ ವಯಸ್ಸಿನಲ್ಲಿ, ಕಳೆದ ಮಾಘ ಮಾಸದ ಒಂದು ಮುಂಜಾವಿನಲ್ಲಿ, ಅನುಭವಕ್ಕೆ ಬಂದಿತು. ಬಾಯಿ ಮುಕ್ಕಳಿಸಲು ಹೋದಾಗ ನೀರು ಬಲದ ತುಟಿಯಂಚಿನಿಂದ ತಾನಾಗಿಯೇ ಸುರಿಯಿತು. ಮನೆಯವರನ್ನು ಕರೆಯಹೋದರೆ ಪಕಾರವೂ ಬಕಾರವೂ ಗಾಳಿಯಾಗಿ ಸೋರಿಹೋದವು. ಕನ್ನಡಿಯಲ್ಲಿ ನೋಡಲಾಗಿ ಬಾಯಿ ಎಡಕ್ಕೆ ಸೊಟ್ಟಗಾಗಿತ್ತು, ಬಲಗಣ್ಣು ಮುಚ್ಚಲೊಲ್ಲದಾಗಿತ್ತು.

ಒಬ್ಬರು ಗಾಳಿ ಸೋಕಿದೆಯೆಂದರು. ಇನ್ನೊಬ್ಬರು ಲಕ್ವ ಹೊಡೆಯಿತೆಂದು ಅಳತೊಡಗಿದರು. ಮಂತ್ರಿಸಿದ ತಾಯಿತವೂ ಬಿಸಿ ಎಳ್ಳೆಣ್ಣೆಯೂ ಬಂದವು. ನಾವಾದರೋ ಚರಕ, ಸುಶ್ರುತರು ಹೇಳಿರುವ ಅರ್ದಿತವೆಂಬ ವಾತವ್ಯಾಧಿ ಇದೇ ಇರಬೇಕೆಂದು ನಿರ್ಣಯಿಸಿ, ಗ್ರಂಥ ತಿರುವುತ್ತ ಒಂದಿಡೀ ಹಗಲನ್ನು ಕಳೆದೆವು. ಪಾಂಡಿತ್ಯದಿಂದಾಗುವ ಹಾನಿಗಳಲ್ಲಿ ಇದೂ ಒಂದು.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೋದಾಗ ನಮ್ಮನ್ನು ಮೊದಲು ಪರೀಕ್ಷಿಸಿದವಳು ವೈದ್ಯರಲ್ಲ, 25ರ ಆಸುಪಾಸಿನ ದಾದಿ. ಆಕೆ ಏನನ್ನೂ ಮುಟ್ಟದೆ ಅರ್ಧ ನಿಮಿಷ ಸುಮ್ಮನೆ ಮುಖವನ್ನು ನೋಡಿದಳು. ಬಳಿಕ ಹಳೆಯ ಭಾವಚಿತ್ರವಿದೆಯೇ ಎಂದು ಕೇಳಿದಳು. ಹುಟ್ಟಿನಿಂದಲೇ ತುಸು ಓರೆಯಾದ ಮುಖಗಳೂ ಉಂಟಷ್ಟೆ. ಮತದಾರರ ಗುರುತಿನ ಚೀಟಿಯನ್ನು ಕೊಟ್ಟೆವು. ಆ ಚಿತ್ರದಲ್ಲಿ ಯಾರೂ ತಮ್ಮಂತೆ ಕಾಣುವುದಿಲ್ಲವೆಂಬುದು ಬೇರೆ ಮಾತು.

“ಹುಬ್ಬು ಮೇಲೇರಿಸಿರಿ” ಎಂದಳು. ಎಡಗಡೆ ಹಣೆಯಲ್ಲಿ ನೆರಿಗೆ ಮೂಡಿತು, ಬಲಗಡೆ ಹಣೆ ಬೋಳುಗಲ್ಲಿನಂತೆ ಉಳಿಯಿತು. ಕಣ್ಣು ಬಿಗಿಯಾಗಿ ಮುಚ್ಚಿರಿ, ಹಲ್ಲು ತೋರಿಸಿರಿ, ಕೆನ್ನೆ ಉಬ್ಬಿಸಿರಿ ಎಂದು ಕ್ರಮವಾಗಿ ಹೇಳಿ ಎರಡೂ ಪಕ್ಕಗಳನ್ನು ಹೋಲಿಸಿದಳು. ಎರಡೂ ಕೈಗಳನ್ನು ಮುಂದಕ್ಕೆ ಚಾಚಿಸಿ ಯಾವುದಾದರೂ ಕೆಳಗಿಳಿಯುವುದೇ ಎಂದು ಕಾದಳು. ಕಿವಿಯಲ್ಲಿ ಗುಳ್ಳೆಗಳಿವೆಯೇ ಎಂದು ದೀಪ ಹಿಡಿದು ನೋಡಿದಳು. ಸರ್ಪಸುತ್ತಿನ ವಿಷಾಣುವಿನಿಂದಲೂ ಇಂತಹ ಬಾಧೆ ಬರುವುದುಂಟಂತೆ.

ಹಣೆಯ ನೆರಿಗೆಗೆ ಇಷ್ಟೇಕೆ ಮಹತ್ವವೆಂದು ಕೇಳಿದಾಗ ಆಕೆ ಹೇಳಿದ ಉತ್ತರವನ್ನು ನಾವು ಆಮೇಲೆ ಪುಸ್ತಕಗಳಲ್ಲಿಯೂ ಓದಿ ಖಚಿತಪಡಿಸಿಕೊಂಡೆವು. ಮಿದುಳಿನಿಂದ ಹೊರಡುವ ನರಗಳು 12 ಜೋಡಿ. ಅವುಗಳಲ್ಲಿ ಏಳನೆಯದು ಮುಖದ ಸ್ನಾಯುಗಳನ್ನು ಆಡಿಸುವಂತಹದು. ಹಣೆಯ ಸ್ನಾಯುಗಳಿಗೆ ಮಿದುಳಿನ ಎರಡೂ ಅರ್ಧಗಳಿಂದ ಆಜ್ಞೆ ಬರುತ್ತದೆ. ಮುಖದ ಕೆಳಭಾಗಕ್ಕೆ ಬಹುಮಟ್ಟಿಗೆ ಎದುರು ಪಕ್ಕದ ಅರ್ಧದಿಂದ ಮಾತ್ರ. ಆದುದರಿಂದ ಮಿದುಳಿನ ಒಂದು ಪಕ್ಕಕ್ಕೆ ಪಾರ್ಶ್ವವಾಯು ಹೊಡೆದರೆ ಬಾಯಿ ಸೊಟ್ಟಗಾದರೂ ಹಣೆಯಲ್ಲಿ ನೆರಿಗೆ ಉಳಿಯುತ್ತದೆ. ಕಿವಿಯ ಹಿಂಬದಿಯ ಎಲುಬಿನ ಕಿರಿದಾದ ಕೊಳವೆಯಲ್ಲಿ ನರವೇ ಬಾತು ನಲುಗಿದರೆ ಅರ್ಧಮುಖವೆಲ್ಲ, ಹಣೆಯೂ ಸೇರಿ, ಸ್ತಬ್ಧವಾಗುತ್ತದೆ. 19ನೆಯ ಶತಮಾನದಲ್ಲಿ ಇದನ್ನು ವಿವರಿಸಿದ ಸರ್ ಚಾರ್ಲ್ಸ್ ಬೆಲ್ ಅವರ ಹೆಸರಿನಿಂದ ಇದಕ್ಕೆ ಬೆಲ್ಸ್ ಪಾಲ್ಸಿ ಎನ್ನುತ್ತಾರೆ. ಮಿದುಳಕಾಂಡದ ಕೆಲವು ಆಘಾತಗಳಲ್ಲಿ ಹಣೆಯೂ ಸೋಲುವುದುಂಟಾದ್ದರಿಂದ ನೆರಿಗೆಯೊಂದನ್ನೇ ನಂಬದೆ ಕೈ, ಕಾಲು, ಮಾತು, ಕಣ್ಣಿನ ಚಲನೆಗಳನ್ನೂ ನೋಡಬೇಕು.

ನಾವು ವೈದ್ಯರಿಗಾಗಿ ಕಾಯುತ್ತಿದ್ದಾಗಲೇ ವೃದ್ಧ ರೈತರೊಬ್ಬರನ್ನು ಮಗನು ಆತುಕೊಂಡು ಕರೆತಂದನು. ಅವರ ಬಾಯಿಯೂ ನಮ್ಮದರಂತೆಯೇ ಎಡಕ್ಕೆ ಎಳೆದಿತ್ತು. ನಮ್ಮ ಜೊತೆಯಲ್ಲಿದ್ದವರು “ನಿಮಗಾದದ್ದೇ ಇವರಿಗೂ” ಎಂದು ಸಮಾಧಾನ ಹೇಳಹೊರಟರು. ದಾದಿಯು ಹುಬ್ಬೇರಿಸಲು ಹೇಳಿದಳು. ಉತ್ತ ಹೊಲದ ಸಾಲುಗಳಂತೆ ಹಣೆಯುದ್ದಕ್ಕೂ ನೆರಿಗೆಗಳು ಎದ್ದವು. ಚಾಚಿದ ಬಲಗೈ ಮೆಲ್ಲಗೆ ಜಾರಿತು. ಆಕೆಯ ಮುಖಭಾವವೇ ಬದಲಾಯಿತು. “ಇವರು ಸರಿಯಾಗಿದ್ದುದನ್ನು ಕೊನೆಯದಾಗಿ ನೋಡಿದವರು ಯಾರು? ಎಷ್ಟು ಗಂಟೆಗೆ?” ಎಂದು ಮಗನನ್ನು ಬಿಡದೆ ಕೇಳಿದಳು. ಅವನಿಗೆ ತಿಳಿಯದು. ಹಿಂದೆ ನಿಂತಿದ್ದ ಸೊಸೆಯು, ಆರು ಗಂಟೆಗೆ ಚಹ ಕುಡಿದು ತನ್ನೊಡನೆ ಮಾತನಾಡಿದರೆಂದಳು. ಆಗ ಎಂಟು ಗಂಟೆ. ರಕ್ತದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳ ಒಳಗೆ ಕೊಡಬೇಕು. ಅದಕ್ಕೆ ಮೊದಲು ಮಿದುಳಿನಲ್ಲಿ ರಕ್ತಸ್ರಾವವಿಲ್ಲವೆಂದು ಸಿ.ಟಿ. ಸ್ಕ್ಯಾನಿನಿಂದ ತಿಳಿಯಬೇಕು. ಸೊಸೆಯ ಆ ಒಂದು ಮಾತಿನ ಬೆಲೆ ಅಷ್ಟಿತ್ತು. ಮಗನು ಬಾಯಾರಿದ ತಂದೆಗೆ ನೀರು ಕೊಡಹೋದಾಗ ದಾದಿಯು ಲೋಟವನ್ನು ಕಸಿದುಕೊಂಡಳು. ಒಂಬತ್ತು, ಹತ್ತನೆಯ ನರಗಳು ಸೋತಿದ್ದರೆ ನುಂಗಿದ ನೀರು ಶ್ವಾಸಕೋಶಕ್ಕಿಳಿಯುವ ಭಯವಿದೆ. ನುಂಗುವ ಶಕ್ತಿಯನ್ನು ಪರೀಕ್ಷಿಸುವವರೆಗೆ ಹನಿ ನೀರೂ ಕೂಡದು.

ಐದು ನಿಮಿಷಗಳಲ್ಲಿ ಆ ವೃದ್ಧರು ಒಳಗೆ ಹೋದರು. ನಮ್ಮ ಗ್ರಂಥಪರಿಶೀಲನೆಯ ಹಗಲು ಅವರದಾಗಿದ್ದರೆ ಎಂದು ಯೋಚಿಸುತ್ತ ಬೆಂಚಿನ ಮೇಲೆ ಕುಳಿತೆವು.

ನಮ್ಮ ರೋಗಕ್ಕೂ ಕಾಲದ ಗಡಿ ಇತ್ತು, ಆದರೆ ಉದಾರವಾದದ್ದು: 72 ಗಂಟೆಗಳು. ಅಷ್ಟರೊಳಗೆ ಪ್ರೆಡ್ನಿಸೊಲೋನ್ ಆರಂಭಿಸಿದರೆ ಗುಣವಾಗುವ ಸಂಭವ ಹೆಚ್ಚು. ಸ್ಕಾಟ್ಲೆಂಡಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಔಷಧ ಪಡೆದವರಲ್ಲಿ ನೂರಕ್ಕೆ 94 ಮಂದಿ, ಪಡೆಯದವರಲ್ಲಿ ಸುಮಾರು 82 ಮಂದಿ ಒಂಬತ್ತು ತಿಂಗಳಲ್ಲಿ ಪೂರ್ಣ ಚೇತರಿಸಿಕೊಂಡಿದ್ದರು. ಸಕ್ಕರೆ ರೋಗವುಳ್ಳವರು ಮೊದಲೇ ತಿಳಿಸಬೇಕು, ಔಷಧವು ರಕ್ತದ ಸಕ್ಕರೆಯನ್ನು ಏರಿಸುತ್ತದೆ. ದಾದಿಯು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಿದ್ದು ಕಣ್ಣಿನ ವಿಷಯ. ಮುಚ್ಚದ ಕಣ್ಣು ಒಣಗಿ ಕರಿಗುಡ್ಡೆಯ ಮೇಲೆ ಹುಣ್ಣಾದರೆ, ಮುಖ ನೇರವಾದರೂ ದೃಷ್ಟಿ ಮಂಕಾಗಬಹುದು. ಹಗಲು ಹನಿ, ರಾತ್ರಿ ಮುಲಾಮು ಹಾಕಿ ರೆಪ್ಪೆಗೆ ಪಟ್ಟಿ ಅಂಟಿಸುವುದನ್ನು ನಮ್ಮ ಮನೆಯವರಿಂದ ಎರಡು ಸಲ ಮಾಡಿಸಿ ನೋಡಿಯೇ ಕಳುಹಿಸಿದಳು.

ನಾಲ್ಕನೆಯ ದಿನ ಮರುಪರೀಕ್ಷೆಗೆ ಹೋದಾಗ ಆ ರೈತರು ಹಾಸಿಗೆಯಲ್ಲಿ ಕುಳಿತು ಬಲಗೈಯಿಂದಲೇ, ತುಸು ನಡುಗುತ್ತ, ಗಂಜಿಯ ಬಟ್ಟಲನ್ನು ಹಿಡಿದಿದ್ದರು. ನಮ್ಮ ಮಕಾರ ಮರಳಲು ಐದು ವಾರ ಹಿಡಿಯಿತು, ಪಕಾರಕ್ಕೆ ಇನ್ನೂ ಎರಡು. ಈಗ ಒಂದು ವಿಚಿತ್ರ ಉಳಿದಿದೆ: ಊಟ ಮಾಡುವಾಗ ಬಲಗಣ್ಣಿನಿಂದ ನೀರಿಳಿಯುತ್ತದೆ. ಲಾಲಾರಸಕ್ಕೆ ಹೋಗಬೇಕಾದ ಕೆಲವು ನರತಂತುಗಳು ಮರಳಿ ಬೆಳೆಯುವಾಗ ದಾರಿ ತಪ್ಪಿ ಕಣ್ಣೀರಿನ ಗ್ರಂಥಿಯನ್ನು ಸೇರುವುದರಿಂದ ಹೀಗಾಗುವುದಂತೆ. ಸಾರಿಗೆ ಖಾರ ಹೆಚ್ಚಾಯಿತೇ ಎಂದು ಬಡಿಸುವವರು ಇಂದಿಗೂ ಕೇಳುತ್ತಾರೆ.